ಹೋಸ್ಟ್‌ನೇಮ್ ಬದಲಾಯಿಸಿದರೂ ಸರ್ವರ್ ಹಳೇ ಹೆಸರನ್ನೇ ಹೇಳುತ್ತಿದ್ದರೆ

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದ ಆಫೀಸಿನಲ್ಲಿ ಒಂದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಸರ್ವರ್ ಇದೆ. ಬಿಲ್ಲಿಂಗ್, ಸ್ಟಾಕ್, ಹಾಜರಿ ಎಲ್ಲ ಅದರಲ್ಲೇ. ಹಿಂದೆ ಯಾರೋ ಅದಕ್ಕೆ 'ಬೆಲ್ಲರಿ-ಸರ್ವರ್' ಅಂತ ಹೋಸ್ಟ್‌ನೇಮ್, ಅಂದರೆ ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಹೆಸರು, ಇಟ್ಟಿದ್ದರು. ಎರಡನೇ ಸರ್ವರ್ ಬರುವ ಹೊತ್ತಿಗೆ, ಗೊಂದಲ ಬೇಡ ಅಂತ ಮೊದಲನೆಯದನ್ನು 'ಬಳ್ಳಾರಿ-ಡಿಬಿ1' ಮಾಡಲು ಅಲ್ಲಿನ ಹುಡುಗ ಹೊರಟ. ಮರುದಿನ ಫೋನ್ ಬಂತು.

"ಅಣ್ಣ, ಹೆಸರು ಚೇಂಜ್ ಮಾಡಿದ್ದೆ. ಆವಾಗಿಂದ ಸುಡೊ ಹೊಡೆದರೆ ಏನೋ ಬೈಯ್ತಿತ್ತು. ರಾತ್ರಿ ಕರೆಂಟ್ ಹೋಗಿ ಬಂದ ಮ್ಯಾಲೆ ನೋಡಿದರೆ ಮತ್ತೆ ಹಳೇ ಹೆಸರೇ ಐತೆ."

"ಈಗ ಸುಡೊ ಬೈಯ್ತದಾ?"

"ಇಲ್ಲಣ್ಣ, ಈಗ ಸುಮ್ನೆ ಐತೆ."

ಸುಡೊ ಅಂದರೆ ರೂಟ್‌ನ, ಅಂದರೆ ಸರ್ವರಿನ ಒಡೆಯನ, ಅಧಿಕಾರದಲ್ಲಿ ಕೆಲಸ ಮಾಡಿಸುವ ಕಮಾಂಡ್. ಆ ಕೊನೆಯ ಉತ್ತರದಲ್ಲೇ ಅರ್ಧ ಸಮಸ್ಯೆ ಗೊತ್ತಾಯಿತು. ಹೊಸ ಹೆಸರಿದ್ದಾಗ ಬೈಗುಳ, ಹಳೇ ಹೆಸರು ಬಂದಾಗ ಮೌನ. ಅಂದರೆ ಒಂದು ಫೈಲಿನಲ್ಲಿ ಹಳೇ ಹೆಸರು ಹಾಗೇ ಕೂತಿದೆ. ರೀಬೂಟ್ ಆದಾಗ ಹೆಸರು ವಾಪಸ್ ಬಂದದ್ದು ಬೇರೆ ದೋಷ, ಅದರ ಕಾರಣವೂ ಬೇರೆ ಫೈಲಿನಲ್ಲಿದೆ. ಎರಡನ್ನೂ ಒಂದೇ ಅಂದುಕೊಂಡು ಕಂಡ ಕಂಡ ಫೈಲು ತಿದ್ದಿದರೆ ಮೂರನೇ ದೋಷ ಹುಟ್ಟುತ್ತದೆ.

ಲಿನಕ್ಸ್‌ನಲ್ಲಿ ಹೆಸರು ಒಂದೇ ಜಾಗದಲ್ಲಿ ಇರುವುದಿಲ್ಲ. ನಮ್ಮ ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್ 1ರಂದು ಬದಲಾಯಿತು, ಬೋರ್ಡುಗಳು ಬದಲಾದವು. ರೈಲ್ವೆ ಕೋಡ್ ಮಾತ್ರ ಇವತ್ತಿಗೂ ಬಿ-ಎ-ವೈ. ಟಿಕೆಟ್ ಬುಕ್ ಮಾಡುವವನು ಬೋರ್ಡು ನೋಡುವುದಿಲ್ಲ, ಕೋಡ್ ನೋಡುತ್ತಾನೆ. ಸರ್ವರಿನೊಳಗೂ ಒಬ್ಬೊಬ್ಬರು ಒಂದೊಂದು ಕಡೆ ಹೆಸರು ನೋಡುತ್ತಾರೆ. ಯಾರು ಎಲ್ಲಿ ನೋಡುತ್ತಿದ್ದಾರೆ ಅನ್ನುವುದೇ ಇಲ್ಲಿ ಪತ್ತೆ ಮಾಡಬೇಕಾದ ಸಂಗತಿ.

(ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.)

ಮುಟ್ಟುವ ಮೊದಲು ನಾಲ್ಕು ಪ್ರಶ್ನೆ

ಏನನ್ನೂ ತಿದ್ದಬೇಡಿ. ಮೊದಲು ಈ ನಾಲ್ಕನ್ನು ಕೇಳಿ, ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

1. 'ಯುನೇಮ್ -ಎನ್'. ಇದು ಈ ಕ್ಷಣ ಕರ್ನಲ್‌ನ (ಲಿನಕ್ಸ್‌ನ ಒಳತಿರುಳಿನ) ನೆನಪಿನಲ್ಲಿರುವ ಹೆಸರು. ಬರೀ 'ಹೋಸ್ಟ್‌ನೇಮ್' ಅಂತ ಹೊಡೆದರೂ ಇದೇ ಬರುತ್ತದೆ.

2. 'ಕ್ಯಾಟ್ /ಇಟಿಸಿ/ಹೋಸ್ಟ್‌ನೇಮ್'. ಮುಂದಿನ ಸಲ ಬೂಟ್ ಆದಾಗ ಎತ್ತಿಕೊಳ್ಳುವ ಹೆಸರು.

3. 'ಹೋಸ್ಟ್‌ನೇಮ್‌ಸಿಟಿಎಲ್'. ಸಿಸ್ಟಮ್‌ಡಿ (ಬೂಟ್ ಮತ್ತು ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಮ್) ಇರುವ ಕಡೆ ಸ್ಟ್ಯಾಟಿಕ್, ಅಂದರೆ ಡಿಸ್ಕಿನಲ್ಲಿ ಉಳಿಯುವ, ಹೆಸರನ್ನು ತೋರಿಸುತ್ತದೆ. ಟ್ರಾನ್ಸಿಯೆಂಟ್ (ತಾತ್ಕಾಲಿಕ) ಅಂತ ಇನ್ನೊಂದು ಸಾಲು ಬೇರೆ ಹೆಸರಿನೊಂದಿಗೆ ಕಂಡರೆ ಅದಕ್ಕೊಂದು ಸುತ್ತು ಹಾಕಿ. ನೆಟ್‌ವರ್ಕ್‌ನಿಂದಲೋ ಇನ್ಯಾವುದೋ ಪ್ರೋಗ್ರಾಮಿನಿಂದಲೋ ಹೆಸರು ಬಂದಿದೆ ಅಂತ ಅರ್ಥ.

4. 'ಗೆಟ್‌ಎಂಟ್ ಹೋಸ್ಟ್ಸ್' ಅಂತ ಹೊಡೆದು ಮುಂದೆ ಹೊಸ ಹೆಸರು ಕೊಡಿ. ಆ ಹೆಸರಿಗೆ ಒಂದು ಐಪಿ ಬರಬೇಕು. ಏನೂ ಬರದೆ ಪ್ರಾಂಪ್ಟ್ ವಾಪಸ್ ಬಂದರೆ, ಸರ್ವರಿಗೆ ತನ್ನ ಹೆಸರೇ ಯಾರದ್ದು ಅಂತ ಗೊತ್ತಿಲ್ಲ.

ಆ ಹುಡುಗನ ಕಡೆ ಕರೆಂಟ್ ಹೋಗುವ ಮೊದಲು ಕೇಳಿದ್ದರೆ ಮೊದಲನೆಯದಕ್ಕೆ ಹೊಸ ಹೆಸರು, ಎರಡನೆಯದಕ್ಕೆ ಹಳೆಯದು, ನಾಲ್ಕನೆಯದಕ್ಕೆ ಮೌನ ಬರುತ್ತಿತ್ತು. ಅವನು 'ಸುಡೊ ಹೋಸ್ಟ್‌ನೇಮ್ ಬಳ್ಳಾರಿ-ಡಿಬಿ1' ಅಂತ ಮಾತ್ರ ಹೊಡೆದಿದ್ದ. ಅದು ಕರ್ನಲ್‌ನ ನೆನಪಿಗೆ ಹೋಗುತ್ತದೆ, ಡಿಸ್ಕಿಗೆ ಹೋಗುವುದಿಲ್ಲ. ಕರೆಂಟ್ ಹೋದರೆ ಅದೂ ಹೋಯಿತು.

ಪ್ರಾಂಪ್ಟಿನಲ್ಲಿ ಮಾತ್ರ ಹಳೇ ಹೆಸರು

ನಾಲ್ಕೂ ಉತ್ತರ ಸರಿ ಇದ್ದು, ಕರ್ಸರ್ ಪಕ್ಕದಲ್ಲಿ ಮಾತ್ರ ಹಳೇ ಹೆಸರು ಕಂಡರೆ ಅದು ದೋಷವೇ ಅಲ್ಲ. ಬ್ಯಾಶ್ (ನೀವು ಹೊಡೆದ ಕಮಾಂಡ್ ಓದುವ ಪ್ರೋಗ್ರಾಮ್) ತಾನು ಶುರುವಾದಾಗ ಓದಿದ ಹೆಸರನ್ನೇ ತೋರಿಸುತ್ತಿರುತ್ತದೆ. ಲಾಗೌಟ್ ಆಗಿ ಲಾಗಿನ್ ಆಗಿ, ಅಥವಾ 'ಎಕ್ಸೆಕ್ ಬ್ಯಾಶ್' ಹೊಡೆಯಿರಿ. ಟಿಮಕ್ಸ್‌ನಲ್ಲಿ ತೆರೆದಿಟ್ಟ ಹಳೇ ವಿಂಡೋಗಳಿಗೂ ಇದೇ ಮಾತು. ಇದಕ್ಕಾಗಿ ಸರ್ವರ್ ರೀಬೂಟ್ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಸುಡೊ ಬೈಯುತ್ತಿದೆ

ಜಾಸ್ತಿ ಜನ ಸಿಕ್ಕಿಕೊಳ್ಳುವುದು ಇಲ್ಲೇ. ಸುಡೊ ಹೊಡೆದಾಗ 'ಅನೇಬಲ್ ಟು ರಿಸಾಲ್ವ್ ಹೋಸ್ಟ್' ಅಂತ ಬಂದು, ಆಮೇಲೆ ಕೆಲಸವೇನೋ ಆಗುತ್ತದೆ. ಕೆಲಸ ಆಗುತ್ತಲ್ಲ ಅಂತ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ. ಆ ಸಾಲಿನ ಕೊನೆಯಲ್ಲಿ ಏನಿದೆ ಅಂತ ಪೂರ್ತಿ ಓದಿ, ಪತ್ತೆಯ ಸುಳಿವು ಅಲ್ಲಿದೆ.

'ನೇಮ್ ಆರ್ ಸರ್ವಿಸ್ ನಾಟ್ ನೋನ್' ಅಂತ ಇದ್ದರೆ, ಸರ್ವರ್ ಕೇಳಬೇಕಾದವರನ್ನೆಲ್ಲ ಕೇಳಿತು, ಅಂಥ ಹೆಸರು ಇಲ್ಲ ಅಂತ ಉತ್ತರ ಬಂತು. 'ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಶನ್' ಅಂತ ಇದ್ದರೆ, ಕೇಳಲು ಹೋದಾಗ ಡಿಎನ್‌ಎಸ್ (ಹೆಸರಿಗೆ ಐಪಿ ಹೇಳುವ ಸರ್ವರ್) ಕೈಗೇ ಸಿಗಲಿಲ್ಲ. ಮೊದಲನೆಯದು ಬರೀ ಹೆಸರಿನ ತಕರಾರು. ಎರಡನೆಯದರಲ್ಲಿ ಹೆಸರಿನ ತಕರಾರಿನ ಜೊತೆ ಇಂಟರ್ನೆಟ್ ಲೈನೋ ರೂಟರೋ ಕೂಡ ಬಿದ್ದಿರಬಹುದು.

ಎರಡಕ್ಕೂ ಮೂಲ ಒಂದೇ. ಸರ್ವರ್ ತನ್ನ ಹೆಸರನ್ನು /ಇಟಿಸಿ/ಹೋಸ್ಟ್ಸ್ ಫೈಲಿನಲ್ಲಿ ಹುಡುಕುತ್ತದೆ. ಸಿಗದಿದ್ದರೆ ಹೊರಗಿನ ಡಿಎನ್‌ಎಸ್ ಕೇಳಲು ಹೋಗುತ್ತದೆ. ನಿಮ್ಮ ಆಫೀಸಿನ ಮೂಲೆಯ ಸರ್ವರಿನ ಹೆಸರು ಹೊರಗಿನವರಿಗೆ ಹೇಗೆ ಗೊತ್ತಿರಬೇಕು, ಅಲ್ವಾ? ಇಂಟರ್ನೆಟ್ ಇದ್ದಾಗ 'ಇಲ್ಲ' ಅನ್ನುವ ಉತ್ತರ ತಕ್ಷಣ ಬರುತ್ತದೆ, ಬೈಗುಳ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಲೈನ್ ಬಿದ್ದ ದಿನ ನೋಡಿ. ಒಂದೊಂದು ನೇಮ್‌ಸರ್ವರಿಗೂ 5 ಸೆಕೆಂಡ್ ಕಾಯುವುದು, ಎರಡೆರಡು ಸಲ ಕೇಳುವುದು ಸಾಮಾನ್ಯ ಸೆಟ್ಟಿಂಗ್. ಸುಡೊ ಹೊಡೆದು ಹತ್ತಿಪ್ಪತ್ತು ಸೆಕೆಂಡ್ ಸುಮ್ನೆ ಕೂರಬೇಕು. 'ಇಂಟರ್ನೆಟ್ ಹೋದರೆ ಸರ್ವರ್ ಸ್ಲೋ ಆಗುತ್ತೆ ಸರ್' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ರ‍್ಯಾಮ್ ಹಾಕಿಸಿದರೆ ಇದು ಹೋಗುವುದಿಲ್ಲ.

ಮದ್ದು ಒಂದೇ ಸಾಲು. ಆದರೆ ಆ ಸಾಲನ್ನು ಸರಿಯಾಗಿ ಬರೆಯಬೇಕು. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ /ಇಟಿಸಿ/ಹೋಸ್ಟ್ಸ್‌ನಲ್ಲಿ 127.0.0.1ರ ಮುಂದೆ ಲೋಕಲ್‌ಹೋಸ್ಟ್, ಅದರ ಕೆಳಗೆ 127.0.1.1ರ ಮುಂದೆ ಸರ್ವರಿನ ಹೆಸರು ಬರೆದಿರುತ್ತದೆ. ಖಾಯಂ ಐಪಿ ಇಲ್ಲದ ಯಂತ್ರಗಳಿಗೆ ಮಾಡಿಟ್ಟ ಏರ್ಪಾಡು ಅದು. 'ಹೋಸ್ಟ್‌ನೇಮ್‌ಸಿಟಿಎಲ್' ಈ ಫೈಲನ್ನು ಮುಟ್ಟುವುದೇ ಇಲ್ಲ. ಹೆಸರು ಸರಿಯಾದ ಕಮಾಂಡಿನಿಂದಲೇ ಬದಲಿಸಿದವರಿಗೂ ಬೈಗುಳ ಬರುವುದು ಇದಕ್ಕೇ. 127.0.1.1ರ ಸಾಲಿನಲ್ಲಿ ಹಳೇ ಹೆಸರು ತೆಗೆದು ಹೊಸದು ಹಾಕಿ. ಸರ್ವರಿಗೆ ಖಾಯಂ ಐಪಿ ಇದ್ದರೆ 127.0.1.1ರ ಬದಲು ಆ ಐಪಿಯನ್ನೇ ಬರೆಯುವುದು ಒಳ್ಳೆಯದು. ಲೋಕಲ್‌ಹೋಸ್ಟ್ ಸಾಲನ್ನು ಮಾತ್ರ ಇದ್ದ ಹಾಗೇ ಬಿಡಿ.

ಡೊಮೇನ್ ಇದ್ದರೆ ಸಾಲಿನಲ್ಲಿ ಪೂರ್ತಿ ಹೆಸರು ಮೊದಲು, ಗಿಡ್ಡ ಹೆಸರು ಆಮೇಲೆ. ತಿರುಗಾಮುರುಗಾ ಬರೆದರೆ 'ಹೋಸ್ಟ್‌ನೇಮ್ -ಎಫ್' ಪೂರ್ತಿ ಹೆಸರು ಹೇಳುವ ಬದಲು ಗಿಡ್ಡದನ್ನೇ ಹೇಳುತ್ತದೆ. ಯಾಕೆಂದರೆ ಅದು ಸಾಲಿನಲ್ಲಿ ಮೊದಲು ಸಿಕ್ಕಿದ್ದನ್ನೇ ಅಸಲಿ ಹೆಸರು ಅಂತ ನಂಬುತ್ತದೆ. ಮೇಲ್ ಸರ್ವರ್ ನಡೆಸುವವರಿಗೆ ಇದು ದೊಡ್ಡ ತಲೆನೋವು. ಡೊಮೇನ್ ಅಂತ ಏನೋ ಒಂದು ಹಾಕಬೇಕಲ್ಲ ಅಂತ ಕೊನೆಗೆ 'ಡಾಟ್ ಲೋಕಲ್' ಸೇರಿಸುವ ಚಟ ನಮ್ಮ ಕಡೆ ಬಹಳ. ಆ ಹೆಸರು ಎಮ್‌ಡಿಎನ್‌ಎಸ್‌ಗೆ (ಡಿಎನ್‌ಎಸ್ ಸರ್ವರ್ ಇಲ್ಲದೆ ಒಂದೇ ನೆಟ್‌ವರ್ಕಿನ ಯಂತ್ರಗಳು ಪರಸ್ಪರ ಹೆಸರು ಕೇಳುವ ವಿಧಾನ) ಮೀಸಲು. ಒಳಗಿನ ನೆಟ್‌ವರ್ಕಿಗೆ 'ಹೋಮ್ ಡಾಟ್ ಆರ್ಪಾ' ಅಂತ 2018ರಲ್ಲೇ ಬೇರೆ ಕೊಟ್ಟಿದ್ದಾರೆ.

ಫೈಲು ಸರಿ ಬರೆದರೂ ಬೈಗುಳ ನಿಲ್ಲದಿದ್ದರೆ /ಇಟಿಸಿ/ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್ ತೆರೆದು 'ಹೋಸ್ಟ್ಸ್' ಸಾಲಿನಲ್ಲಿ 'ಫೈಲ್ಸ್' ಪದ 'ಡಿಎನ್‌ಎಸ್'ಗಿಂತ ಮೊದಲು ಇದೆಯಾ ನೋಡಿ. ಫೆಡೋರಾ, ರಾಕಿ, ಆಲ್ಮಾ (ಇವೂ ಲಿನಕ್ಸ್‌ನ ಬಗೆಗಳು) ಕಡೆ ಇದೇ ಸಾಲಿನಲ್ಲಿ 'ಮೈಹೋಸ್ಟ್‌ನೇಮ್' ಅನ್ನುವ ಮಾಡ್ಯೂಲ್ ಕೂಡ ಇರುತ್ತದೆ. /ಇಟಿಸಿ/ಹೋಸ್ಟ್ಸ್‌ನಲ್ಲಿ ಹೆಸರು ಇಲ್ಲದಿದ್ದರೂ ಅದು ತಾನೇ ಉತ್ತರ ಕೊಡುತ್ತದೆ. ಹಾಗಾಗಿ ರಾಕಿಯಲ್ಲಿ ಅಭ್ಯಾಸ ಆದವರು ಡೆಬಿಯನ್‌ಗೆ ಬಂದಾಗ 'ಅಲ್ಲಿ ಬರದ ತಕರಾರು ಇಲ್ಲೇಕೆ' ಅಂತ ತಲೆ ಕೆರೆದುಕೊಳ್ಳುತ್ತಾರೆ.

ಇನ್ನೊಂದು ಕಳ್ಳ ದೋಷ ಇದೆ. ಸುಡೊ ಸುಮ್ಮನಿದೆ, ರೂಟ್ ಆಗಿ 'ಗೆಟ್‌ಎಂಟ್' ಹೊಡೆದರೆ ಐಪಿ ಬರುತ್ತದೆ, ಆದರೆ ಬಿಲ್ಲಿಂಗ್ ಪ್ರೋಗ್ರಾಮಿಗೆ ಮಾತ್ರ ಹೆಸರು ಸಿಗುವುದಿಲ್ಲ. 'ಎಲ್‌ಎಸ್ -ಎಲ್ /ಇಟಿಸಿ/ಹೋಸ್ಟ್ಸ್' ಹೊಡೆದು ಪರ್ಮಿಷನ್ ನೋಡಿ. 644 ಇರಬೇಕು. ಯಾರೋ ಬಿಗಿ ಯುಮಾಸ್ಕ್ (ಹೊಸ ಫೈಲಿನ ಪರ್ಮಿಷನ್ ಮಿತಿ) ಇಟ್ಟುಕೊಂಡು ಹೊಸದಾಗಿ ಫೈಲ್ ಬರೆದಿದ್ದರೆ 600 ಆಗಿರುತ್ತದೆ. ರೂಟ್ ಓದಬಲ್ಲ, ಉಳಿದವರು ಓದಲಾರರು. ಸುಡೊ ರೂಟ್ ಅಧಿಕಾರದಲ್ಲೇ ಓಡುವುದರಿಂದ ಅದಕ್ಕೆ ಏನೂ ಅನಿಸುವುದಿಲ್ಲ. ಹಾಗಾಗಿ ನಾಲ್ಕನೇ ಪ್ರಶ್ನೆಯನ್ನು ಯಾವಾಗಲೂ ಮಾಮೂಲಿ ಯೂಸರ್ ಆಗಿಯೇ ಕೇಳಿ.

ರೀಬೂಟ್ ಆದ ಮೇಲೆ ಹಳೇ ಹೆಸರು

ಎರಡನೇ ಪ್ರಶ್ನೆಯ ಉತ್ತರದಲ್ಲಿ ಹಳೇ ಹೆಸರಿದ್ದರೆ ಮುಗಿಯಿತು, ಕಾರಣ ಸಿಕ್ಕಿತು. 'ಸುಡೊ ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್' ಅಂತ ಹೊಡೆದು ಮುಂದೆ ಹೊಸ ಹೆಸರು ಕೊಡಿ. ಕರ್ನಲ್ ಮತ್ತು ಫೈಲು ಎರಡೂ ಒಟ್ಟಿಗೆ ಬದಲಾಗುತ್ತವೆ. ಜೀನ್ಸ್ ಘಟಕದ ಸರ್ವರಿಗೆ ಬೇಕಾದದ್ದು ಇಷ್ಟು, ಜೊತೆಗೆ /ಇಟಿಸಿ/ಹೋಸ್ಟ್ಸ್‌ನ ಆ ಒಂದು ಸಾಲು.

ಈ ಕಮಾಂಡಿನಿಂದ ಬದಲಿಸಿದ ಮೇಲೂ ಹಳೆಯದು ವಾಪಸ್ ಬಂದರೆ, ಬೂಟ್ ಆಗುವಾಗ ಇನ್ಯಾರೋ ಬರೆಯುತ್ತಿದ್ದಾರೆ. ಬಾಡಿಗೆಗೆ ತೆಗೆದುಕೊಂಡ ಕ್ಲೌಡ್ ಸರ್ವರಾದರೆ ಮೊದಲ ಅನುಮಾನ ಕ್ಲೌಡ್-ಇನಿಟ್ (ಬೂಟ್ ಆಗುವಾಗ ಕ್ಲೌಡ್ ಸರ್ವರಿನ ಸೆಟ್ಟಿಂಗ್ ಹಾಕುವ ಪ್ರೋಗ್ರಾಮ್) ಮೇಲೆ. 'ಗ್ರೆಪ್' ಹಾಕಿ /ವಾರ್/ಲಾಗ್/ಕ್ಲೌಡ್-ಇನಿಟ್ ಡಾಟ್ ಲಾಗ್‌ನಲ್ಲಿ 'ಹೋಸ್ಟ್‌ನೇಮ್' ಹುಡುಕಿ, ಗೊತ್ತಾಗುತ್ತದೆ. ತಡೆಯಲು /ಇಟಿಸಿ/ಕ್ಲೌಡ್/ಕ್ಲೌಡ್ ಡಾಟ್ ಸಿಎಫ್‌ಜಿ ಡಾಟ್ ಡಿ ಫೋಲ್ಡರಿನಲ್ಲಿ 99ರಿಂದ ಶುರುವಾಗಿ ಡಾಟ್ ಸಿಎಫ್‌ಜಿ ಅಂತ ಮುಗಿಯುವ ಚಿಕ್ಕ ಫೈಲ್ ಮಾಡಿ, ಅದರಲ್ಲಿ 'ಪ್ರಿಸರ್ವ್_ಹೋಸ್ಟ್‌ನೇಮ್: ಟ್ರೂ' ಅಂತ ಒಂದೇ ಸಾಲು ಬರೆಯಿರಿ. ಕೋಲನ್ ಆದ ಮೇಲೆ ಒಂದು ಸ್ಪೇಸ್ ಬೇಕೇ ಬೇಕು. ಮೂಲ ಫೈಲನ್ನೇ ತಿದ್ದಬಹುದು, ಆದರೆ ಅಪ್‌ಡೇಟ್ ಬಂದಾಗ 'ಹೊಸ ಫೈಲ್ ಹಾಕಲೇ?' ಅಂತ ಪ್ಯಾಕೇಜ್ ಕೇಳುತ್ತದೆ, ಅವಸರದಲ್ಲಿ ಯಾರೋ ಹೂಂ ಅನ್ನುತ್ತಾರೆ.

ಕ್ಲೌಡ್-ಇನಿಟ್‌ನಲ್ಲಿ 'ಮ್ಯಾನೇಜ್_ಇಟಿಸಿ_ಹೋಸ್ಟ್ಸ್' ಅಂತ ಇನ್ನೊಂದು ಸ್ವಿಚ್ ಇದೆ. ಅದು ಟ್ರೂ ಇದ್ದರೆ ಪ್ರತಿ ಬೂಟಿಗೂ /ಇಟಿಸಿ/ಹೋಸ್ಟ್ಸ್ ಅನ್ನು ಟೆಂಪ್ಲೇಟಿನಿಂದ ಹೊಸದಾಗಿ ಬರೆಯುತ್ತದೆ. ನೀವು ಸೇರಿಸಿದ ಸಾಲು ಮಾಯ. ಈ ಎಚ್ಚರಿಕೆ ಆ ಫೈಲಿನ ತಲೆಯಲ್ಲೇ ಕಾಮೆಂಟ್ ಆಗಿ ಇರುತ್ತದೆ. ಯಾರೂ ಓದುವುದಿಲ್ಲ, ಅಷ್ಟೇ.

ರಾಕಿ, ಆಲ್ಮಾ ಕಡೆ ಇನ್‌ಸ್ಟಾಲ್ ಮಾಡುವಾಗ ಹೆಸರು ಕೊಡದೆ ಬಿಟ್ಟಿದ್ದರೆ ಕಥೆ ಬೇರೆ. ಸ್ಟ್ಯಾಟಿಕ್ ಹೆಸರು ಖಾಲಿ ಅಥವಾ ಲೋಕಲ್‌ಹೋಸ್ಟ್ ಇದ್ದಾಗ ನೆಟ್‌ವರ್ಕ್‌ಮ್ಯಾನೇಜರ್ ಡಿಎಚ್‌ಸಿಪಿ (ಯಂತ್ರಕ್ಕೆ ತಾನಾಗಿ ಐಪಿ ಹಂಚುವ ವ್ಯವಸ್ಥೆ) ಕೊಟ್ಟ ಹೆಸರನ್ನೋ, ಐಪಿಯಿಂದ ತಿರುಗಿಸಿ ಹುಡುಕಿದಾಗ ಸಿಕ್ಕ ಹೆಸರನ್ನೋ ಹಾಕಿಬಿಡುತ್ತದೆ. ರೂಟರ್ ಬದಲಾದ ದಿನ ಸರ್ವರಿನ ಹೆಸರೂ ಬದಲಾದರೆ ಇದೇ ಕಾರಣ. ಸ್ಟ್ಯಾಟಿಕ್ ಹೆಸರು ಇಟ್ಟರೆ ಅದೇ ಗೆಲ್ಲುತ್ತದೆ.

ಸೆಂಟ್‌ಓಎಸ್ 6 ಇನ್ನೂ ಎಲ್ಲಾದರೂ ಓಡುತ್ತಿದ್ದರೆ ಅಲ್ಲಿ /ಇಟಿಸಿ/ಸಿಸ್‌ಕಾನ್ಫಿಗ್/ನೆಟ್‌ವರ್ಕ್ ಫೈಲಿನಲ್ಲಿ ಬರೆಯಬೇಕು. ಫ್ರೀಬಿಎಸ್‌ಡಿಯಲ್ಲಿ /ಇಟಿಸಿ/ಆರ್‌ಸಿ ಡಾಟ್ ಕಾನ್ಫ್, ಓಪನ್‌ಬಿಎಸ್‌ಡಿಯಲ್ಲಿ /ಇಟಿಸಿ/ಮೈನೇಮ್. ಡಾಕರ್ ಕಂಟೇನರಿನ ಒಳಗೆ ಕೂತು ಬದಲಿಸಲು ಹೋಗಬೇಡಿ. ಕಂಟೇನರ್ ಮಾಡುವಾಗಲೇ ಹೆಸರು ಕೊಡಬೇಕು.

ಹೆಸರನ್ನೇ ಒಪ್ಪುತ್ತಿಲ್ಲ

ಇಂಗ್ಲಿಷಿನ ಎ ಇಂದ ಝೆಡ್, 0ಯಿಂದ 9, ಮತ್ತು ಹೈಫನ್. ಇಷ್ಟೇ. ಹೈಫನ್ ಮೊದಲಲ್ಲೂ ಬೇಡ, ಕೊನೆಯಲ್ಲೂ ಬೇಡ. ಲಿನಕ್ಸ್ ಕರ್ನಲ್ 64 ಅಕ್ಷರದವರೆಗೆ ಹಿಡಿಯುತ್ತದೆ, ಡಿಎನ್‌ಎಸ್‌ನಲ್ಲಿ ಒಂದು ಭಾಗಕ್ಕೆ 63. ಅಂಡರ್‌ಸ್ಕೋರ್ ಕೆಲವು ಕಡೆ ಒಪ್ಪಿಕೊಂಡಂತೆ ಕಂಡರೂ ಮುಂದೆ ವೆಬ್ ಅಥವಾ ಮೇಲ್ ಕಡೆ ಕೈಕೊಡುತ್ತದೆ. ಸಾಂಬಾ ಶೇರ್ (ವಿಂಡೋಸ್ ಜೊತೆ ಫೈಲ್ ಹಂಚಿಕೆ) ಇದ್ದರೆ 15 ಅಕ್ಷರದೊಳಗೆ ಇಡಿ, ವಿಂಡೋಸ್ ಕಡೆಯ ನೆಟ್‌ಬಯೋಸ್ ಹೆಸರಿಗೆ ಅಷ್ಟೇ ಜಾಗ.

ಕನ್ನಡದಲ್ಲೇ ಹೆಸರಿಡಬೇಕು ಅನಿಸಿದರೆ ದಾರಿ ಇದೆ. 'ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್ --ಪ್ರೆಟಿ' ಅಂತ ಕೊಟ್ಟು 'ಬಳ್ಳಾರಿ ಆಫೀಸ್ ಬಿಲ್ಲಿಂಗ್ ಸರ್ವರ್' ಅಂತ ಕನ್ನಡದಲ್ಲೇ ಬರೆಯಬಹುದು. ಅದು /ಇಟಿಸಿ/ಮಷಿನ್-ಇನ್ಫೋ ಫೈಲಿನಲ್ಲಿ ಕೂರುತ್ತದೆ, ನೆಟ್‌ವರ್ಕಿಗೂ ಅದಕ್ಕೂ ಸಂಬಂಧ ಇಲ್ಲ.

ಹೆಸರು ಬೇರೆ ಮಾಡಿದರೂ ಎರಡು ಸರ್ವರ್ ಜಗಳ

ಎರಡನೇ ಸರ್ವರನ್ನು ಮೊದಲನೆಯದರ ಡಿಸ್ಕ್ ಕ್ಲೋನ್ ಮಾಡಿ ತಯಾರಿಸಿದ್ದರೆ ಹೆಸರಷ್ಟೇ ಬದಲಿಸಿದರೆ ಸಾಲದು. /ಇಟಿಸಿ/ಮಷಿನ್-ಐಡಿ ಎರಡರಲ್ಲೂ ಒಂದೇ ಇರುತ್ತದೆ. ಉಬುಂಟು ಸರ್ವರಿನಲ್ಲಿ ಡಿಎಚ್‌ಸಿಪಿ ಕೇಳುವಾಗ ಗುರುತಿಗೆ ಅದನ್ನೇ ಬಳಸುವುದರಿಂದ, ಮ್ಯಾಕ್ ವಿಳಾಸ ಬೇರೆ ಇದ್ದರೂ ರೂಟರ್ ಇಬ್ಬರಿಗೂ ಒಂದೇ ಐಪಿ ಕೊಡಬಹುದು. ಕ್ಲೋನ್ ಮಾಡಿದ ಯಂತ್ರದಲ್ಲಿ ಆ ಫೈಲನ್ನು ಅಳಿಸದೆ, ಒಳಗಿರುವುದನ್ನು ಮಾತ್ರ ಖಾಲಿ ಮಾಡಿ ರೀಬೂಟ್ ಮಾಡಿ, ಹೊಸ ಐಡಿ ಹುಟ್ಟುತ್ತದೆ. ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ ಹೊಸದಾಗಿ ಮಾಡಿಕೊಳ್ಳಿ.

ಹೆಸರು ಬದಲಾದ ಮೇಲೆ ಬೇರೆ ಏನೋ ನಿಂತಿತು

ಸರ್ವರಿನ /ಇಟಿಸಿ/ಹೋಸ್ಟ್ಸ್ ಆ ಸರ್ವರಿಗೆ ಮಾತ್ರ. ಕೌಂಟರಿನ ವಿಂಡೋಸ್ ಕಂಪ್ಯೂಟರುಗಳು ಹಳೇ ಹೆಸರಿನಲ್ಲೇ ಕರೆಯುತ್ತಿರುತ್ತವೆ. ರೂಟರಿನ ಡಿಎನ್‌ಎಸ್‌ನಲ್ಲಿ ಹಳೇ ಮತ್ತು ಹೊಸ ಹೆಸರು ಎರಡನ್ನೂ ಒಂದೇ ಐಪಿಗೆ ತೋರಿಸಿ. ಆ ಸೌಲಭ್ಯ ರೂಟರಿನಲ್ಲಿ ಇಲ್ಲದಿದ್ದರೆ ವಿಂಡೋಸ್‌ನ ಸಿಸ್ಟಮ್32 ಒಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಫೋಲ್ಡರಿನ ಹೋಸ್ಟ್ಸ್ ಫೈಲಿನಲ್ಲಿ ಬರೆಯಿರಿ.

ಮೈಎಸ್‌ಕ್ಯೂಎಲ್ ಡೇಟಾಬೇಸಿನ ರೆಪ್ಲಿಕಾ (ಜೊತೆಜೊತೆಗೇ ನಡೆಯುವ ನಕಲು) ಇದ್ದರೆ ಮಾತ್ರ ಕೈ ಹಾಕುವ ಮುಂಚೆ ಒಂದು ನಿಮಿಷ ನಿಲ್ಲಿ. ಬೇರೆ ಹೇಳದಿದ್ದರೆ ರಿಲೇ ಲಾಗ್ (ಮೂಲ ಸರ್ವರಿನಿಂದ ಬಂದ ಬದಲಾವಣೆಗಳ ದಾಖಲೆ) ಫೈಲುಗಳ ಹೆಸರು ಹೋಸ್ಟ್‌ನೇಮ್‌ನಿಂದಲೇ ಶುರುವಾಗುತ್ತದೆ. ಹೋಸ್ಟ್‌ನೇಮ್ ಬದಲಾದರೆ ಅದು ಹೊಸ ಹೆಸರಿನ ಫೈಲುಗಳನ್ನು ಹುಡುಕುತ್ತದೆ, ಸಿಗುವುದಿಲ್ಲ. 'ಫೇಲ್ಡ್ ಟು ಓಪನ್ ದ ರಿಲೇ ಲಾಗ್' ಅಂತ ಹೇಳಿ ರೆಪ್ಲಿಕೇಶನ್ ನಿಲ್ಲುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ, ಗಾಬರಿ ಬೇಡ. ಕಾನ್ಫಿಗ್ ಫೈಲಿನಲ್ಲಿ 'ರಿಲೇ-ಲಾಗ್' ಆಯ್ಕೆಗೆ ಹಳೇ ಹೆಸರನ್ನೇ, ಅಂದರೆ 'ಬೆಲ್ಲರಿ-ಸರ್ವರ್-ರಿಲೇ-ಬಿನ್' ಅಂತ ಬರೆದು ಮತ್ತೆ ಶುರು ಮಾಡಿದರೆ ಕಂಡುಕೊಳ್ಳುತ್ತದೆ. ನನ್ನ ಕೇಳಿದರೆ ಹೆಸರು ಬದಲಿಸುವ ಮೊದಲೇ ಈ ಸಾಲನ್ನು ಸೇರಿಸಿಟ್ಟಿರಬೇಕು.

ರ‍್ಯಾಬಿಟ್‌ಎಮ್‌ಕ್ಯೂ (ಪ್ರೋಗ್ರಾಮುಗಳ ನಡುವಿನ ಸಂದೇಶಗಳನ್ನು ಕ್ಯೂನಲ್ಲಿಡುವ ಸಾಫ್ಟ್‌ವೇರ್) ಡೇಟಾ ಫೋಲ್ಡರಿಗೂ ಹೋಸ್ಟ್‌ನೇಮ್ ಅಂಟಿರುತ್ತದೆ. ಹೆಸರು ಬದಲಾದರೆ ಕ್ಯೂಗಳೆಲ್ಲ ಖಾಲಿ ಕಾಣುತ್ತವೆ, ಹಳೆಯವು ಹಳೇ ಫೋಲ್ಡರಿನಲ್ಲಿ ಹಾಗೇ ಇರುತ್ತವೆ. ಪ್ರಾಕ್ಸ್‌ಮಾಕ್ಸ್‌ನಲ್ಲೂ (ವರ್ಚುವಲ್ ಯಂತ್ರಗಳನ್ನು ಓಡಿಸುವ ವ್ಯವಸ್ಥೆ) ಇದೇ ಪಾಡು. ವರ್ಚುವಲ್ ಯಂತ್ರಗಳ ಕಾನ್ಫಿಗ್ ಹಳೇ ನೋಡ್ ಹೆಸರಿನ ಫೋಲ್ಡರಿನಲ್ಲಿ ಉಳಿದು, ಹೊಸ ಹೆಸರಿನ ಕೆಳಗೆ ಪಟ್ಟಿ ಬರಿದಾಗಿ ಕಾಣುತ್ತದೆ. ಯಂತ್ರಗಳು ಓಡುತ್ತಿರುವ ಪ್ರಾಕ್ಸ್‌ಮಾಕ್ಸ್ ಹೋಸ್ಟಿನ ಹೆಸರನ್ನು ಬದಲಿಸಲೇಬೇಡಿ ಅನ್ನುವುದು ನನ್ನ ಮಾತು. ಪೋಸ್ಟ್‌ಫಿಕ್ಸ್ (ಮೇಲ್ ಸರ್ವರ್) ಇದ್ದರೆ ಮೇನ್ ಡಾಟ್ ಸಿಎಫ್‌ನ 'ಮೈಹೋಸ್ಟ್‌ನೇಮ್', 'ಮೈಡೆಸ್ಟಿನೇಶನ್' ಸಾಲುಗಳು, ಡೆಬಿಯನ್‌ನಲ್ಲಿ ಜೊತೆಗೆ /ಇಟಿಸಿ/ಮೇಲ್‌ನೇಮ್. ಲಾಗ್‌ಗಳಲ್ಲಿ ಹಳೇ ಹೆಸರೇ ಬರುತ್ತಿದ್ದರೆ ಆರ್‌ಸಿಸ್‌ಲಾಗ್ (ಲಾಗ್ ಬರೆಯುವ ಪ್ರೋಗ್ರಾಮ್) ರೀಸ್ಟಾರ್ಟ್ ಮಾಡಿ.

ಕೊನೆಗೆ 'ಸುಡೊ ಗ್ರೆಪ್ -ಆರ್ ಬೆಲ್ಲರಿ-ಸರ್ವರ್ /ಇಟಿಸಿ' ಅಂತ ಒಮ್ಮೆ ಜಾಲಾಡಿ. /ಇಟಿಸಿ/ಎಸ್‌ಎಸ್‌ಎಚ್ ಒಳಗೆ ಪಬ್ಲಿಕ್ ಕೀಗಳ ತುದಿಯಲ್ಲಿ 'ರೂಟ್ ಅಟ್ ಬೆಲ್ಲರಿ-ಸರ್ವರ್' ಅಂತ ಕಂಡರೆ ಅದನ್ನು ಬಿಡಿ, ಬರೀ ಕಾಮೆಂಟ್. ಉಳಿದ ಪ್ರತಿ ಸಾಲನ್ನೂ ಯಾವ ಪ್ರೋಗ್ರಾಮಿನದು ಅಂತ ನೋಡಿ ತಿದ್ದಿ. ಆಮೇಲೆ ಊಟದ ಹೊತ್ತಿನಲ್ಲಿ, ಕೌಂಟರ್ ಖಾಲಿ ಇದ್ದಾಗ, ನೀವೇ ಒಮ್ಮೆ ರೀಬೂಟ್ ಮಾಡಿ ನಾಲ್ಕೂ ಪ್ರಶ್ನೆ ಮತ್ತೆ ಕೇಳಿ. ಮುಂದಿನ ಕರೆಂಟ್ ಕಟ್‌ವರೆಗೆ ಕಾಯಬೇಡಿ.